640 ಮಕ್ಕಳ ಐಡಿ ಕಾರ್ಡು

ಕೇಳುಗರಿಗೆ ನಮಸ್ಕಾರ.

ಜೂನ್ ಬಂತೆಂದರೆ ಅರಸೀಕೆರೆಯಂಥ ಊರಿನ ಫೋಟೋ ಸ್ಟುಡಿಯೋದವರಿಗೆ ಮದುವೆ ಸೀಸನ್ ಮುಗಿದು ಐಡಿ ಕಾರ್ಡ್ ಸೀಸನ್ ಶುರುವಾಯಿತು ಅಂತಲೇ ಲೆಕ್ಕ. ನಾನು ಕೆಲಸಕ್ಕಿದ್ದ ಸ್ಟುಡಿಯೋಗೆ ಒಂದು ವರ್ಷ ಒಂದೇ ಶಾಲೆಯಿಂದ 640 ಮಕ್ಕಳ ಆರ್ಡರು ಬಂತು. ಫೋಟೋ ಹೊಡೆಯುವುದು ಎರಡು ದಿನದಲ್ಲಿ ಮುಗಿಯಿತು. ಹಿಂದೆ ನೀಲಿ ಪರದೆ, ಒಂದು ಸ್ಟೂಲು, "ತಲೆ ಎತ್ತು ಮರಿ, ಕಣ್ಣು ಬಿಡು", ಕ್ಲಿಕ್. ತಲೆನೋವು ಶುರುವಾದದ್ದು ಕಂಪ್ಯೂಟರ್ ಮುಂದೆ ಕೂತ ಮೇಲೆ.

ಒಂದೊಂದು ಫೋಟೋಗೂ ಅದೇ ಕೆಲಸ. ತೆರೆಯಬೇಕು, ಕ್ರಾಪ್ ಮಾಡಬೇಕು, ಅಳತೆಗೆ ತರಬೇಕು, ಬೆಳಕು ಒಂಚೂರು ಏರಿಸಬೇಕು, ಹೆಸರು ಕೊಟ್ಟು ಸೇವ್ ಮಾಡಬೇಕು, ಮುಚ್ಚಬೇಕು. ಅಳತೆ ಅಂದರೆ ಪಾಸ್‌ಪೋರ್ಟ್ ಸೈಜು: 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ. ಇಂಚಿಗೆ 300 ಚುಕ್ಕೆಯ ಮುದ್ರಣಕ್ಕೆ ಅದು 413 ಪಿಕ್ಸೆಲ್ಲಿಗೆ 531 ಪಿಕ್ಸೆಲ್. ಸ್ಟುಡಿಯೋದಲ್ಲಿ ದುಡಿದವರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಈ ಎರಡು ಸಂಖ್ಯೆ ಹೇಳುತ್ತಾರೆ. ಒಂದು ಫೋಟೋಗೆ ಒಂದೂವರೆ ನಿಮಿಷ ಹಿಡಿದರೂ 640ಕ್ಕೆ 16 ಗಂಟೆ. ಕಡಲೆಕಾಯಿ ಸುಲಿಯುವಾಗ ಆಗುತ್ತದಲ್ಲ, ಬೆರಳು ತನ್ನ ಪಾಡಿಗೆ ಓಡುತ್ತಿರುತ್ತದೆ, ಮನಸ್ಸು ಎಲ್ಲೋ ಇರುತ್ತದೆ, ಹಾಗೆ. ಮುನ್ನೂರು ದಾಟಿದ ಮೇಲೆ ಯಾವ ಮಗುವಿಗೆ ಬೆಳಕು ಏರಿಸಿದೆ, ಯಾವುದಕ್ಕೆ ಬಿಟ್ಟೆ ಎನ್ನುವುದೇ ಮರೆತುಹೋಗುತ್ತದೆ.

ಫೋಟೋಶಾಪಿನಲ್ಲಿ ಇದಕ್ಕೊಂದು ದಾರಿ 1996ರಿಂದಲೇ ಇದೆ. ಆ ವರ್ಷ ಬಂದ ನಾಲ್ಕನೇ ಆವೃತ್ತಿಯಲ್ಲಿ 'ಆಕ್ಷನ್' ಎಂಬ ಸೌಲಭ್ಯ ಸೇರಿತು. ಟೇಪ್ ರೆಕಾರ್ಡರ್ ಬಳಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೆಕಾರ್ಡ್ ಗುಂಡಿ ಒತ್ತಿ, ಒಂದು ಫೋಟೋಗೆ ಮಾಡುವುದನ್ನೆಲ್ಲ ಮಾಡಿ, ನಿಲ್ಲಿಸಿ. ಆಮೇಲೆ ಇಡೀ ಫೋಲ್ಡರನ್ನು ತೋರಿಸಿ ಬ್ಯಾಚ್ ಎಂದರೆ ಅಷ್ಟಕ್ಕೂ ಅದನ್ನೇ ಮಾಡುತ್ತದೆ.

ನಾನೂ ಉತ್ಸಾಹದಿಂದ ರೆಕಾರ್ಡ್ ಮಾಡಿ ಓಡಿಸಿದೆ. ಚಹಾ ಕುಡಿದು ಬಂದು ನೋಡಿದರೆ ಅರ್ಧಕ್ಕರ್ಧ ಮಕ್ಕಳಿಗೆ ಗದ್ದವೇ ಇಲ್ಲ. ಒಂದನೇ ಕ್ಲಾಸಿನವರಲ್ಲಿ ಕೆಲವರ ಕೂದಲು ಮಾತ್ರ ಕಾಣುತ್ತಿತ್ತು. ನಾನು ಕ್ರಾಪ್ ಮಾಡಿ ತೋರಿಸಿದ್ದು ಏಳನೇ ಕ್ಲಾಸಿನ ಎತ್ತರದ ಹುಡುಗನ ಮೇಲೆ. ಚೌಕ ಯಾವ ಪಿಕ್ಸೆಲ್ಲಿನಲ್ಲಿ ಶುರು, ಎಲ್ಲಿ ಕೊನೆ ಎನ್ನುವುದನ್ನಷ್ಟೇ ಅದು ಬರೆದುಕೊಂಡಿತ್ತು. ಮುಖ ಎಲ್ಲಿದೆ ಅಂತ ನಾನು ನೋಡಿದ್ದನ್ನು ಅದು ಬರೆದುಕೊಳ್ಳಲಿಲ್ಲ, ಬರೆದುಕೊಳ್ಳುವುದೂ ಸಾಧ್ಯವಿರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಆಕ್ಷನ್ ಪಟ್ಟಿಯ ಪ್ರತಿ ಹೆಜ್ಜೆಯ ಪಕ್ಕದಲ್ಲಿರುವ ಪುಟ್ಟ ಚೌಕ. ಅದನ್ನು ಒತ್ತಿಟ್ಟರೆ ಆ ಹೆಜ್ಜೆಗೆ ಬಂದಾಗ ಯಂತ್ರ ನಿಂತು ನಮ್ಮನ್ನು ಕೇಳುತ್ತದೆ. ಕ್ರಾಪಿಗೆ ಮಾತ್ರ ಅದನ್ನು ಒತ್ತಿಟ್ಟೆ. ಫೋಟೋ ತಾನೇ ತೆರೆದುಕೊಳ್ಳುತ್ತದೆ, ಕ್ರಾಪಿನ ಚೌಕ ಬಂದು ನಿಲ್ಲುತ್ತದೆ, ನಾನು ಅದನ್ನು ಮುಖಕ್ಕೆ ಸರಿಸಿ ಎಂಟರ್ ಒತ್ತುತ್ತೇನೆ, ಮಿಕ್ಕಿದ್ದೆಲ್ಲ ಅದರ ಪಾಲು. ಒಂದೂವರೆ ನಿಮಿಷದ ಕೆಲಸ ಹತ್ತು ಸೆಕೆಂಡಿಗೆ ಇಳಿಯಿತು. ಪೂರ್ತಿ ಅದಕ್ಕೇ ಬಿಡುವವರನ್ನು ನೋಡಿದ್ದೇನೆ. ಮುಖ ಗುರುತಿಸುವ ತಂತ್ರಾಂಶಗಳೂ ಈಗ ಸಾಕಷ್ಟಿವೆ. ಆದರೂ ಆ ಪುಟ್ಟ ಚೌಕದ ಗುರುತನ್ನು ನಾನು ತೆಗೆದಿಲ್ಲ.

ಆಕ್ಷನ್ ಮಾಡಿದ್ದನ್ನೇ ಮಾಡುತ್ತದೆ. ಪಟ್ಟಿಯಿಂದ ಹೆಸರು ಓದಿಕೊಂಡು ಫೈಲಿಗೆ ಇಡು ಎಂದು ಹೇಳಬೇಕಾದರೆ ಸ್ಕ್ರಿಪ್ಟೇ ಬೇಕು. ಅಂದರೆ ಕೆಲಸದ ಕ್ರಮವನ್ನು ಅಕ್ಷರದಲ್ಲಿ ಬರೆದುಕೊಡುವುದು. ಫೋಟೋಶಾಪಿಗೆ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆಯಬಹುದು. ಫೋಟೋ ತಿದ್ದುವುದಕ್ಕೆ ದುಡ್ಡು ಕೊಡದೆ ಸಿಗುವ ಗಿಂಪ್ ಎಂಬ ತಂತ್ರಾಂಶ ಇದೆಯಲ್ಲ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿ 1996ರಲ್ಲಿ ಹೊರಬಿಟ್ಟದ್ದು, ಅದರಲ್ಲಿ 'ಸ್ಕ್ರಿಪ್ಟ್-ಫೂ' ಎಂಬುದಿದೆ. ಅದರ ಭಾಷೆ ಸ್ಕೀಮ್, 1975ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು.

ಸ್ಕೀಮ್ ಮೊದಲು ನನಗೆ ತಲೆಗೇ ಹತ್ತಲಿಲ್ಲ. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ: ಈ ಚಿತ್ರವನ್ನು ಇಷ್ಟು ಅಗಲಕ್ಕೆ, ಇಷ್ಟು ಎತ್ತರಕ್ಕೆ ಕುಗ್ಗಿಸು. ಸ್ಕೀಮಿನಲ್ಲಿ ಅದೇ ಮೊದಲು: ಕುಗ್ಗಿಸು, ಚಿತ್ರ, 413, 531. ಎರಡಕ್ಕೆ ಮೂರು ಕೂಡಿಸುವುದಕ್ಕೂ 'ಕೂಡು, ಎರಡು, ಮೂರು' ಅಂತಲೇ ಬರೆಯಬೇಕು. ಸುತ್ತಲೂ ಕಂಸವೋ ಕಂಸ. ಒಂದು ಕಂಸ ಮುಚ್ಚಲು ಮರೆತು ಒಂದು ಇಡೀ ಸಂಜೆ ಕಳೆದಿದ್ದೇನೆ. ಗಿಂಪಿನಲ್ಲಿ 'ಪ್ರೊಸೀಜರ್ ಬ್ರೌಸರ್' ಎಂಬ ಕಿಟಕಿ ಇದೆ, ಯಾವ ಕೆಲಸಕ್ಕೆ ಯಾವ ಹೆಸರು, ಅದಕ್ಕೆ ಏನೇನು ಕೊಡಬೇಕು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಕಲಿಯುವವರು ಪುಸ್ತಕ ಹುಡುಕುವ ಮೊದಲು ಅದನ್ನು ತೆರೆಯಲಿ.

ಕಿಟಕಿಯೇ ಇಲ್ಲದ, ಆಜ್ಞೆ ಟೈಪ್ ಮಾಡಿ ನಡೆಸುವ ಇನ್ನೊಂದು ಸಾಧನ ಇಮೇಜ್‌ಮ್ಯಾಜಿಕ್. ಡ್ಯುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ 1987ರಲ್ಲಿ ಬರೆದದ್ದು, 1990ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಂದು ಸಾಲು ಟೈಪ್ ಮಾಡಿದರೆ ಸಾವಿರ ಫೋಟೋ ಕುಗ್ಗುತ್ತವೆ. ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು ಕೊನೆಯ ದಿನ ಸಂಜೆ ಓಡಿಬಂದು "ಅಣ್ಣಾ, ಫೋಟೋ 50 ಕೆಬಿ ಒಳಗೆ ಮಾಡಿಕೊಡಿ" ಅನ್ನುತ್ತಾರಲ್ಲ, ಅದಕ್ಕೆ ಇದರಷ್ಟು ಒಳ್ಳೆಯದು ನಾನು ಕಂಡಿಲ್ಲ. 50 ಕೆಬಿ ಮೀರಬಾರದು ಎಂದು ಹೇಳಿದರೆ ಸಾಕು, ಗುಣಮಟ್ಟ ಎಷ್ಟು ಇಳಿಸಬೇಕೆಂದು ಅದೇ ಹುಡುಕಿಕೊಳ್ಳುತ್ತದೆ. ಒಂದು ಎಚ್ಚರ ಮಾತ್ರ ಇರಲಿ. ಅದರಲ್ಲಿ 'ಮಾಗ್ರಿಫೈ' ಎಂಬ ಆಜ್ಞೆ ಇದೆ. ಬೇರೆ ಫೋಲ್ಡರ್ ಅಥವಾ ಬೇರೆ ಫಾರ್ಮ್ಯಾಟ್ ಹೇಳದಿದ್ದರೆ ಅದು ಮೂಲ ಫೋಟೋದ ಮೇಲೆಯೇ ಬರೆದುಬಿಡುತ್ತದೆ, ಕೇಳುವುದೂ ಇಲ್ಲ. ಮೊದಲು ಕಾಪಿ, ಆಮೇಲೆ ಆಜ್ಞೆ.

ಕನ್ನಡದವರಿಗೆ ಬರುವ ಒಂದು ತೊಡಕನ್ನೂ ಹೇಳಬೇಕು. ಶಾಲೆಯ ಗುಮಾಸ್ತರು ಕೊಟ್ಟ ಹೆಸರಿನ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿತ್ತು. ಪರದೆಯ ಮೇಲೆ ಚಂದದ ಕನ್ನಡ. ಸ್ಕ್ರಿಪ್ಟು ಓದಿದಾಗ ಬಂದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚೂರುಗಳು ಕೂತಿರುತ್ತವೆ. ಕಾಣುವುದು ಕನ್ನಡ, ಒಳಗಿರುವುದು ಅಲ್ಲ. ಪಟ್ಟಿಯನ್ನು, ಕನ್ನಡದ ಅಕ್ಷರಕ್ಕೆ ತನ್ನದೇ ಸಂಕೇತವಿರುವ ಯೂನಿಕೋಡಿಗೆ ಬದಲಾಯಿಸಿದೆ. ಆಗ ಫೋಟೋಶಾಪು ಒತ್ತಕ್ಷರವನ್ನು ಪಕ್ಕಕ್ಕೆ ಎಳೆದು ಕೂರಿಸಿತು. 'ಲಕ್ಷ್ಮಿ' ಚೆಲ್ಲಾಪಿಲ್ಲಿಯಾದಳು. ಅಕ್ಷರ ಜೋಡಿಸುವ ವ್ಯವಸ್ಥೆಯನ್ನು ದಕ್ಷಿಣ ಏಷ್ಯಾದ ಭಾಷೆಗಳಿಗೆ ಬದಲಿಸಿದ ಮೇಲೆ ಸರಿಹೋಯಿತು. ಗಿಂಪಿನಲ್ಲಿ ನನಗೆ ಈ ಕಾಟ ಬರಲಿಲ್ಲ.

ಇಷ್ಟೆಲ್ಲ ಆಗಿ ಕಾರ್ಡು ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ದಾರ ಕಟ್ಟಿ ಶಾಲೆಗೆ ಕೊಟ್ಟೆವು. ಮಧ್ಯಾಹ್ನಕ್ಕೆ ಫೋನು. ಏಳನೇ ಕ್ಲಾಸ್ 'ಬಿ' ಸೆಕ್ಷನ್ನಿನಲ್ಲಿ 41 ಮಕ್ಕಳು. ಫೋಟೋ ದಿನ ಹದಿನೆಂಟನೇ ನಂಬರಿನ ಹುಡುಗ ಬಂದಿರಲಿಲ್ಲ. ನನ್ನ ಸ್ಕ್ರಿಪ್ಟು ಒಂದು ಕಡೆಯಿಂದ ಫೋಟೋ, ಇನ್ನೊಂದು ಕಡೆಯಿಂದ ಹೆಸರು ಎತ್ತಿ ಜೋಡಿಸುತ್ತಾ ಹೋಗಿದೆ. ಹದಿನೆಂಟರ ಹೆಸರಿಗೆ ಹತ್ತೊಂಬತ್ತರ ಮುಖ, ಹತ್ತೊಂಬತ್ತಕ್ಕೆ ಇಪ್ಪತ್ತರದು. ಪಟ್ಟಿಯಲ್ಲಿ ಮೊದಲು ಗಂಡುಮಕ್ಕಳು, ಆಮೇಲೆ ಹೆಣ್ಣುಮಕ್ಕಳು. ಹಾಗಾಗಿ ನಡುವೆ ಒಬ್ಬ ಹುಡುಗನ ಹೆಸರಿನ ಮೇಲೆ ಎರಡು ಜಡೆಯ ಹುಡುಗಿ ನಗುತ್ತಿದ್ದಳು. ಕೊನೆಯವಳಿಗೆ ಕಾರ್ಡೇ ಇಲ್ಲ. 23 ಕಾರ್ಡು ದಂಡ. ಟೀಚರು ನಕ್ಕರು, ನಮ್ಮ ಮಾಲೀಕರು ನಗಲಿಲ್ಲ. ಕೈಯಲ್ಲೇ ಮಾಡಿದ್ದರೆ ಹತ್ತೊಂಬತ್ತನೆಯದಕ್ಕೆ ಬರುವಷ್ಟರಲ್ಲಿ ಹೇಗೋ ಗೊತ್ತಾಗುತ್ತಿತ್ತು.

ಅಂದಿನಿಂದ ನನ್ನ ಸ್ಕ್ರಿಪ್ಟಿನ ಮೊದಲ ಕೆಲಸ ಎಣಿಸುವುದು. ಫೋಟೋ ಎಷ್ಟು, ಹೆಸರು ಎಷ್ಟು? ತಾಳೆ ಬೀಳದಿದ್ದರೆ ಒಂದು ಫೈಲನ್ನೂ ಮುಟ್ಟದೆ ನಿಲ್ಲುತ್ತದೆ. ಕೊನೆಯ ಕೆಲಸ, ಇಮೇಜ್‌ಮ್ಯಾಜಿಕ್‌ನ 'ಮಾಂಟಾಜ್' ಎಂಬ ಆಜ್ಞೆಯಿಂದ ಒಂದು ಕ್ಲಾಸಿನ ಎಲ್ಲ ಮುಖಗಳನ್ನು ಒಂದೇ ಹಾಳೆಗೆ ಜೋಡಿಸಿ ಪ್ರತಿ ಮುಖದ ಕೆಳಗೆ ಹೆಸರು ಹಾಕುವುದು. ಆ ಹಾಳೆಯನ್ನು ಕ್ಲಾಸ್ ಟೀಚರಿಗೆ ಕಳಿಸುತ್ತೇವೆ. ಅವರು ಐದು ನಿಮಿಷ ನೋಡಿ ಸಹಿ ಮಾಡಿದ ಮೇಲೆಯೇ ಮುದ್ರಣ.

ಮರುವರ್ಷದ ಜೂನಿನಲ್ಲಿ ಐದನೇ ಕ್ಲಾಸಿನ ಹಾಳೆ ವಾಪಸು ಬಂತು. ಎಣಿಕೆ ಸರಿಯಾಗಿತ್ತು, ಸ್ಕ್ರಿಪ್ಟು ಎಲ್ಲೂ ನಿಂತಿರಲಿಲ್ಲ, ನಾನೂ ಎರಡು ಸಲ ನೋಡಿದ್ದೆ. ಟೀಚರು ಅಕ್ಕಪಕ್ಕದ ಎರಡು ಮುಖಗಳ ಸುತ್ತ ಕೆಂಪು ಪೆನ್ನಿನಲ್ಲಿ ಗೀಟು ಎಳೆದು ಕೆಳಗೆ ಬರೆದಿದ್ದರು: "ಅವಳಿ ಜವಳಿ. ಇವರಿಬ್ಬರು ಬೇಕಂತಲೇ ಅದಲುಬದಲು ಕೂತಿದ್ದಾರೆ."

ನಮಸ್ಕಾರ.