ಲ್ಯಾಟೆಕ್ಸ್ ಪ್ರಿಂಟರ್ ತಗೊಳ್ಳೋ ಮುಂಚೆ ಬಿಲ್ ಬುಕ್ ತೆಗೀರಿ

ನಮಸ್ಕಾರ. ತೆರೆ ಮೇಲೆ ಕಾಣ್ತಿರೋದು ಮೈಸೂರಿನ ದೇವರಾಜ ಅರಸು ರಸ್ತೆ. ಅಂಗಡಿ ಬಿಡಿ, ಬರೀ ಬೋರ್ಡುಗಳನ್ನ ನೋಡ್ತಾ ಬನ್ನಿ. ಫ್ರೇಮಿಗೆ ಬಿಗಿದ ಫ್ಲೆಕ್ಸ್, ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟಿಗೆ ಅಂಟಿಸಿದ ವಿನೈಲ್, ಒಳಗೆ ಎಲ್‌ಇಡಿ ಕೂರಿಸಿದ ಬ್ಯಾಕ್‌ಲಿಟ್. ಹೆಚ್ಚುಕಮ್ಮಿ ಇಷ್ಟೇ. ನಿಮ್ಮ ಪ್ರಿಂಟಿಂಗ್ ಅಂಗಡಿಗೆ ಇದರಲ್ಲಿ ಯಾವ ಕೆಲಸ ಎಷ್ಟು ಬರುತ್ತೆ? ಕಳೆದ ಮೂರು ತಿಂಗಳ ಬಿಲ್ ಬುಕ್ ತೆಗೆದು, ಫ್ಲೆಕ್ಸ್ ಎಷ್ಟು ಸ್ಕ್ವೇರ್ ಫೀಟ್, ವಿನೈಲ್ ಎಷ್ಟು, ಬ್ಯಾಕ್‌ಲಿಟ್ ಎಷ್ಟು, ಬಟ್ಟೆ ಎಷ್ಟು ಅಂತ ಬೇರೆ ಬೇರೆ ಕೂಡಿಸಿ. ಡೀಲರ್ ಕೊಡೋ ಬ್ರೋಷರ್ ಆಮೇಲೆ ನೋಡಿದ್ರಾಯ್ತು.

ಮುಕ್ಕಾಲು ಪಾಲು ಫ್ಲೆಕ್ಸ್ ಬಂದ್ರೆ ಲ್ಯಾಟೆಕ್ಸ್ ಆಸೆ ಸದ್ಯಕ್ಕೆ ಬಿಡಿ. ಹುಟ್ಟುಹಬ್ಬದ ಬ್ಯಾನರ್, ಜಾತ್ರೆ ಬ್ಯಾನರ್‌ನಲ್ಲಿ ಸಾಲ್ವೆಂಟ್ (ರಾಸಾಯನಿಕ ದ್ರಾವಕದ ಇಂಕ್) ಮಷಿನ್ ಹೊಡೆಯೋ ರೇಟಿಗೆ ಲ್ಯಾಟೆಕ್ಸ್ ಇಳಿಯೋಕೆ ಆಗಲ್ಲ. ಹಾಗಂತ ಫ್ಲೆಕ್ಸನ್ನೇ ನಂಬೋದೂ ಕಷ್ಟ, 2016ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲದ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದೆ. ಬೀದೀಲಿ ನೋಡಿದ್ರೆ ಹಾಗನ್ಸಲ್ಲ, ಅದು ಬೇರೆ ಮಾತು.

ಲ್ಯಾಟೆಕ್ಸ್ ಇಂಕಲ್ಲಿ ಬಹುಪಾಲು ನೀರು. ಅದರಲ್ಲಿ ಬಣ್ಣದ ಪಿಗ್ಮೆಂಟ್, ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಲಿಮರ್ ಕಣ. ರಬ್ಬರ್ ಮರದ ಹಾಲಿಗೂ ಇದಕ್ಕೂ ಸಂಬಂಧ ಇಲ್ಲ, ಇದು ಸಿಂಥೆಟಿಕ್. ಹೆಡ್ಡಿಂದ ಇಂಕ್ ಬಿದ್ದ ಮೇಲೆ ಮಷಿನ್ ಒಳಗಿನ ಹೀಟರ್ ನೀರನ್ನ ಆವಿ ಮಾಡುತ್ತೆ, ಪಾಲಿಮರ್ ಕರಗಿ ಪಿಗ್ಮೆಂಟ್ ಮೇಲೆ ಪದರ ಕಟ್ಟುತ್ತೆ. ಎಚ್‌ಪಿ 2008ರಲ್ಲಿ ಈ ಇಂಕನ್ನ ಮಾರುಕಟ್ಟೆಗೆ ತಂತು. ಈಗ ರಿಕೋ ಹತ್ರಾನೂ ಲ್ಯಾಟೆಕ್ಸ್ ಇದೆ. ಎಪ್ಸನ್ ಶ್ಯೂರ್‌ಕಲರ್ ಆರ್5070 ಮಷಿನ್‌ನಲ್ಲಿ ಬರೋ ರೆಸಿನ್ ಇಂಕೂ ಇದೇ ಜಾತಿ.

ಹಾಗಾದ್ರೆ ಲಾಭ ಎಲ್ಲಿ? ಒಣಗೋದ್ರಲ್ಲಿ. ಇಕೋ ಸಾಲ್ವೆಂಟ್‌ನಲ್ಲಿ ಹೊಡೆದ ವಿನೈಲನ್ನ ಒಂದು ದಿನ ಸಡಿಲವಾಗಿ ಗಾಳಿಗೆ ಬಿಡಬೇಕು. ಬಿಡದೆ ಲ್ಯಾಮಿನೇಷನ್ ಹೊಡೆದ್ರೆ ಸಾಲ್ವೆಂಟ್ ಒಳಗೇ ಸಿಕ್ಕಿಹಾಕ್ಕೊಂಡು ಗಮ್ ಮೆತ್ತಗಾಗುತ್ತೆ, ಅಂಚು ಸುರುಳಿ ಏಳುತ್ತೆ. ಲ್ಯಾಟೆಕ್ಸ್ ಪ್ರಿಂಟ್ ಹೊರಗೆ ಬರೋವಾಗಲೇ ಒಣಗಿರುತ್ತೆ. ಬೆಳಗ್ಗೆ ಪ್ರಿಂಟ್, ಮಧ್ಯಾಹ್ನ ಲ್ಯಾಮಿನೇಷನ್, ಸಂಜೆ ಗಾಡಿ ಮೇಲೆ ಅಂಟಿಸಬಹುದು. ವಾಸನೆ ಇಲ್ಲದ್ದರಿಂದ ನರ್ಸಿಂಗ್ ಹೋಮ್ ವಾರ್ಡು, ಶಾಲೆ ಗೋಡೆ, ಹೋಟೆಲ್ ರೂಮಿನ ಕೆಲಸ ಧೈರ್ಯವಾಗಿ ಒಪ್ಕೋಬಹುದು. ನಿಮ್ಮ ಬಿಲ್ ಬುಕ್ಕಲ್ಲಿ ಇಂಥ ಕೆಲಸ ಇದ್ರೆ ಮುಂದಿನ ಮಾತು ನಿಮಗೆ.

ಎಲ್ಲ ತೊಂದರೆಗೂ ಮೂಲ ಆ ಹೀಟರೇ. ಮಾರ್ಕೆಟ್‌ನಲ್ಲಿ ಅಗ್ಗಕ್ಕೆ ಸಿಗೋ ವಿನೈಲ್ ಬಿಸಿ ತಡೆಯಲ್ಲ. ಮೆತ್ತಗಾಗಿ ಅಲೆಅಲೆಯಾಗಿ ಏಳುತ್ತೆ, ಹಿಂದಿನ ಪೇಪರ್ ಬಿಟ್ಕೊಂಡು ಉದ್ದಕ್ಕೆ ಸುರಂಗದ ಹಾಗೆ ಉಬ್ಬುತ್ತೆ. ಎದ್ದ ಜಾಗಕ್ಕೆ ಹೆಡ್ ತಾಗಿದ್ರೆ ಪ್ರಿಂಟ್ ಹಾಳು, ಹೆಡ್ಡಿಗೂ ಪೆಟ್ಟು. ತೆಳು ಫ್ಲೆಕ್ಸ್ ಕೂಡ ಹೀಗೇ ಜೋಲುತ್ತೆ. ಬಿಸಿ ಹೆಚ್ಚಾಗಿದೆ ಅನ್ನೋಕೆ ಇದು ಗುರುತು. ಬಿಸಿ ಸಾಲದಿದ್ರೆ ಗುರುತು ಬೇರೆ: ಮಷಿನ್‌ನಿಂದ ಬಂದ ಪ್ರಿಂಟ್ ಮೇಲೆ ಬೆರಳಾಡಿಸಿದ್ರೆ ಎಣ್ಣೆ ಸವರಿದ ಹಾಗೆ ಜಿಗುಟು, ಬಿಳಿ ಬಟ್ಟೆಯಲ್ಲಿ ಉಜ್ಜಿದ್ರೆ ಕಡುಬಣ್ಣ ಹತ್ತುತ್ತೆ. ಈ ಸ್ಥಿತೀಲಿ ಲ್ಯಾಮಿನೇಷನ್ ಮಾಡಿದ್ರೆ ಕೆಲವೇ ದಿನದಲ್ಲಿ ಮೇಲಿನ ಫಿಲ್ಮ್ ಎದ್ದು ಬರುತ್ತೆ.

ಹೊಸ ರೋಲ್ ಬಂದಾಗ ಅದಕ್ಕೆ ಹತ್ತಿರದ ರೆಡಿ ಸೆಟ್ಟಿಂಗ್, ಅಂದ್ರೆ ಪ್ರಿಸೆಟ್‌ನ ಕಾಪಿ ಮಾಡಿಕೊಳ್ಳಿ. ಉಬ್ಬಿದ್ರೆ ಕ್ಯೂರಿಂಗ್ (ಇಂಕ್ ಒಣಗಿಸೋ) ಉಷ್ಣತೆಯನ್ನ ಐದೈದು ಡಿಗ್ರಿ ಇಳಿಸ್ತಾ ಒಂದೊಂದು ಅಡಿ ಹೊಡೆದು ನೋಡಿ. ಇಳಿಸಿದ ಮೇಲೆ ಜಿಗುಟು ಬಂದ್ರೆ ಮತ್ತೆ ಏರಿಸಬೇಡಿ. ಇಂಕ್ ಡೆನ್ಸಿಟಿ ಕಡಿಮೆ ಮಾಡಿ, ಇಲ್ಲ ಪಾಸ್ (ಒಂದೇ ಜಾಗದ ಮೇಲೆ ಹೆಡ್ ಎಷ್ಟು ಸಲ ಓಡುತ್ತೆ ಅನ್ನೋದು) ಹೆಚ್ಚಿಸಿ. ಪಾಸ್ ಹೆಚ್ಚಾದ್ರೆ ಮೀಡಿಯಾ (ಪ್ರಿಂಟ್ ಆಗೋ ವಿನೈಲ್, ಫ್ಲೆಕ್ಸ್) ನಿಧಾನಕ್ಕೆ ಸಾಗುತ್ತೆ, ಅಷ್ಟೇ ಬಿಸಿಯಲ್ಲಿ ಹೆಚ್ಚು ಹೊತ್ತು ಒಣಗುತ್ತೆ. ಅಂಚು ಮಾತ್ರ ಏಳ್ತಿದ್ರೆ ಮಷಿನ್ ಜೊತೆ ಬರೋ ಎಡ್ಜ್ ಹೋಲ್ಡರ್ ಪಟ್ಟಿ ಹಾಕಿ. ದಪ್ಪ ಮೀಡಿಯಾ ಹಾಕೋವಾಗ ಅದನ್ನ ತೆಗೆಯೋದು ಮರೀಬೇಡಿ.

ಈಗ ಅಗಲದ ಲೆಕ್ಕ. ನಮ್ಮಲ್ಲಿ ರೋಲ್ ಬರೋದು ಅಡಿ ಲೆಕ್ಕದಲ್ಲಿ. 54 ಇಂಚಿನ ಮಷಿನ್ ಅಂದ್ರೆ ನಾಲ್ಕೂವರೆ ಅಡಿ. ಐದಡಿ ರೋಲ್ ಅದಕ್ಕೆ ಏರಲ್ಲ, ನಾಲ್ಕಡಿಯಲ್ಲೇ ಜೀವನ. 64 ಇಂಚಿನ ಮಷಿನ್‌ಗೆ 60 ಇಂಚಿನ ಐದಡಿ ರೋಲ್ ಸಲೀಸಾಗಿ ಕೂರುತ್ತೆ. ಬೆಲೆಯ ವ್ಯತ್ಯಾಸ ಏನೇ ಇರಲಿ, ಬೋರ್ಡ್ ಕೆಲಸಕ್ಕೆ 64 ಇಂಚೇ ಸರಿ. ತೂಕಾನೂ ನೋಡಿ. ಎಚ್‌ಪಿ 315ನಂಥ ಸಣ್ಣ ಮಾದರಿ 25 ಕೆ.ಜಿ. ರೋಲ್ ತಡೆಯುತ್ತೆ, 335, 365 ಮಾದರಿ 42 ಕೆ.ಜಿ. ನಾಲ್ಕಡಿ ಅಗಲ, 50 ಮೀಟರ್ ಉದ್ದದ ರೋಲ್ ಅಂದ್ರೆ 61 ಚದರ ಮೀಟರ್. ಚದರ ಮೀಟರಿಗೆ 440 ಗ್ರಾಂ ತೂಗೋ, ಅಂದ್ರೆ 440 ಜಿಎಸ್‌ಎಂ ಬ್ಯಾಕ್‌ಲಿಟ್ ಫ್ಲೆಕ್ಸ್ ಆದ್ರೆ ತೂಕ 26 ಕೆ.ಜಿ. ದಾಟುತ್ತೆ. ಸಣ್ಣ ಮಷಿನ್ ತಗೊಂಡ್ರೆ ಪ್ರತಿ ಸಲ ರೋಲನ್ನ ಅರ್ಧ ಮಾಡಿ ಸುತ್ಕೊಂಡು ಕೂರಬೇಕು.

ಟೇಕ್‌ಅಪ್ ರೀಲ್ (ಹೊರಬಂದ ಪ್ರಿಂಟನ್ನ ಒಂದೇ ಎಳೆತದಲ್ಲಿ ಸುತ್ತಿಕೊಳ್ಳೋ ಭಾಗ) ಬೇಡ ಅಂತ ದುಡ್ಡು ಉಳಿಸೋಕೆ ಹೋಗಬೇಡಿ. ಗೋಡೆ ಕೆಲಸದಲ್ಲಿ ನಾಲ್ಕೈದು ಪ್ಯಾನೆಲ್ ಜೋಡಿಸಬೇಕಾದಾಗ ಇದರ ಬೆಲೆ ಗೊತ್ತಾಗುತ್ತೆ. ಎಳೆತ ಒಂದೇ ಸಮ ಇಲ್ಲದಿದ್ರೆ, ಹತ್ತಡಿ ಉದ್ದದ ಮೊದಲ ಪ್ಯಾನೆಲ್‌ಗೂ ಕೊನೆಯದಕ್ಕೂ ಉದ್ದದಲ್ಲಿ ವ್ಯತ್ಯಾಸ ಬರುತ್ತೆ. ಮೇಲೆ ಜೋಡಿಸಿದ ಗೆರೆ ಕೆಳಗೆ ಬರೋಷ್ಟರಲ್ಲಿ ತಪ್ಪಿರುತ್ತೆ. ಒಂದು ಗೋಡೆಯ ಎಲ್ಲ ಪ್ಯಾನೆಲ್ ಒಂದೇ ರೋಲಲ್ಲಿ, ಒಂದೇ ದಿಕ್ಕಲ್ಲಿ, ಮಧ್ಯೆ ನಿಲ್ಲಿಸದೆ ಹೊಡೀರಿ. ಜೋಡಣೆಗೆ ಅರ್ಧ ಇಂಚು ಓವರ್‌ಲ್ಯಾಪ್ ಬಿಡಿ.

ಕರೆಂಟು. 64 ಇಂಚಿನ ಮಷಿನ್‌ಗಳು ಪ್ರಿಂಟ್ ಮಾಡೋವಾಗ ಮಾದರಿ ನೋಡಿಕೊಂಡು ಸುಮಾರು 2ರಿಂದ 5 ಕಿಲೋವ್ಯಾಟ್ ಎಳೆಯುತ್ತವೆ. ಮೀಟರ್‌ನ ಸ್ಯಾಂಕ್ಷನ್ಡ್ ಲೋಡ್ ಸಾಲದಿದ್ರೆ ಮಷಿನ್ ಬುಕ್ ಮಾಡೋ ಮುಂಚೆಯೇ ಚೆಸ್ಕಾಂಗೆ ಅರ್ಜಿ ಹಾಕಿ. ಮಷಿನ್‌ಗೇ ಅಂತ ಪ್ರತ್ಯೇಕ ಲೈನ್ ಎಳೆಸಿ, ಅರ್ಥಿಂಗ್ ಸರಿಯಾಗಿ ಹಾಕಿಸಿ. ನ್ಯೂಟ್ರಲ್, ಅರ್ಥ್ ನಡುವೆ ಮಲ್ಟಿಮೀಟರ್ ಇಟ್ಟು ನೋಡಿದ್ರೆ ಎರಡು ಮೂರು ವೋಲ್ಟ್ ಒಳಗೆ ಇರಬೇಕು. ಯುಪಿಎಸ್ ಹಾಕೋದಾದ್ರೆ ಹೀಟರ್ ಲೋಡನ್ನೂ ಸೇರಿಸಿ ಲೆಕ್ಕ ಹಾಕಿ. ಆ ಕರೆಂಟೆಲ್ಲ ಕೊನೆಗೆ ರೂಮಿನ ಬಿಸಿಯಾಗುತ್ತೆ ಅನ್ನೋದೂ ನೆನಪಿರಲಿ. ಒಂದು ಟನ್ ಎಸಿ ತೆಗೆಯೋದು ಸುಮಾರು 3.5 ಕಿಲೋವ್ಯಾಟ್ ಬಿಸಿ. ಏಪ್ರಿಲ್‌ನಲ್ಲಿ ಶೀಟ್ ಛಾವಣಿ ಕೆಳಗೆ ಮಷಿನ್ ಇಟ್ರೆ ಒಂದು ಟನ್ ಎಲ್ಲಿಗೂ ಸಾಲಲ್ಲ. ಮಷಿನ್‌ಗೆ ಬೇಕಾದ ರೂಮಿನ ಉಷ್ಣತೆ ಹೆಚ್ಚೆಂದ್ರೆ 30 ಡಿಗ್ರಿ.

ಡೆಮೊಗೆ ಹೋಗೋವಾಗ ಅವರ ಸ್ಯಾಂಪಲ್ ಹೂವಿನ ಫೋಟೊ ನೋಡಿ ಮರುಳಾಗಬೇಡಿ. ನೀವು ದಿನಾ ಬಳಸೋ ವಿನೈಲ್ ರೋಲನ್ನೇ ಹೊತ್ಕೊಂಡು ಹೋಗಿ. ಜೊತೆಗೆ ಒಂದು ಕನ್ನಡ ಫೈಲ್. 2024ರ ತಿದ್ದುಪಡಿ ಪ್ರಕಾರ ನಾಮಫಲಕದ ಮೇಲ್ಭಾಗದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕಲ್ಲ, ಹಾಗಾಗಿ ಪರೀಕ್ಷೆಯೂ ಕನ್ನಡದಲ್ಲೇ ಆಗಲಿ. 'ಸ್ತ್ರೀರೋಗ ತಜ್ಞರು' ಅಂತ ಸಣ್ಣ ಅಕ್ಷರದಲ್ಲಿ, ಕಡುನೀಲಿ ಹಿನ್ನೆಲೆ ಮೇಲೆ ಬಿಳಿಯಾಗಿ ಇಡಿ. ಕೋರೆಲ್‌ನಲ್ಲಿ ಕರ್ವ್ ಮಾಡಿಯೇ (ಅಕ್ಷರವನ್ನ ಚಿತ್ರದ ಗೆರೆಯಾಗಿ ಬದಲಾಯಿಸಿ) ಕಳಿಸಿ, ಇಲ್ಲಾಂದ್ರೆ ಅವರ ಕಂಪ್ಯೂಟರಲ್ಲಿ ನುಡಿ ಫಾಂಟ್ ಇಲ್ಲದೆ ಒತ್ತಕ್ಷರ ಎಲ್ಲೆಲ್ಲೋ ಹೋಗಿರುತ್ತೆ. ಇದನ್ನ 4, 6, 8, 10 ಪಾಸ್‌ನಲ್ಲಿ ಹೊಡೆಸಿ. 'ಸ್ತ್ರೀ' ಕೆಳಗಿನ ಒತ್ತುಗಳ ಸಂದು ಯಾವ ಪಾಸ್‌ನಲ್ಲಿ ನೀಲಿ ತುಂಬಿ ಮುಚ್ಚಿಹೋಗಿದೆ, ಯಾವುದರಲ್ಲಿ ಬಿಡಿಬಿಡಿಯಾಗಿ ಓದೋಕೆ ಬರುತ್ತೆ ನೋಡಿ. ಓದೋಕೆ ಬಂದ ಪಾಸ್‌ನಲ್ಲಿ ಗಂಟೆಗೆ ಎಷ್ಟು ಸ್ಕ್ವೇರ್ ಫೀಟ್ ಬರುತ್ತೋ ಅದೇ ನಿಮ್ಮ ಮಷಿನ್‌ನ ಸ್ಪೀಡು. ಬ್ರೋಷರ್ ಮುಖಪುಟದ ನಂಬರ್ ಕಡಿಮೆ ಪಾಸಿನದು.

ಅಲ್ಲೇ ಉಗುರಿಂದ ಗೀರಿ, ಟೇಪ್ ಅಂಟಿಸಿ ರಪ್ಪಂತ ಕೀಳಿ, ಇಂಕ್ ಎದ್ದು ಬರುತ್ತಾ ನೋಡಿ. ಅಡ್ಡಗೆರೆ ಬರ್ತಿದ್ರೆ ಹೆಡ್ ದೂರೋ ಮುಂಚೆ, ಮೀಡಿಯಾ ಸಾಗೋದನ್ನ ಅಳೆಯೋ ಸೆನ್ಸರ್‌ನ ಗಾಜು ಒರೆಸಿ ನೋಡಿ. ಧೂಳು ಕೂತ್ರೆ ಆ ಸೆನ್ಸರ್ ದೂರ ತಪ್ಪಾಗಿ ಅಳೆಯುತ್ತೆ.

ಇಂಕ್ ಖರ್ಚನ್ನ ಬಾಯಿಮಾತಲ್ಲಿ ಒಪ್ಕೋಬೇಡಿ. ನಿಮ್ಮದೇ ಫೈಲ್ ಹೊಡೆದ ಮೇಲೆ ಮಷಿನ್‌ನ ಜಾಬ್ ರಿಪೋರ್ಟ್‌ನಲ್ಲಿ ಎಷ್ಟು ಮಿಲಿಲೀಟರ್ ಅಂತ ಬರುತ್ತೆ. ಚದರ ಮೀಟರಿಗೆ 10 ಮಿ.ಲೀ. ಆಯ್ತು ಅಂತಿಟ್ಕೊಳ್ಳಿ. ಒಂದು ಚದರ ಮೀಟರ್ ಅಂದ್ರೆ 10.76 ಸ್ಕ್ವೇರ್ ಫೀಟ್, ಹಾಗಾಗಿ ಒಂದು ಸ್ಕ್ವೇರ್ ಫೀಟಿಗೆ 0.93 ಮಿ.ಲೀ. ಡೀಲರ್ ಹೇಳಿದ ಕಾರ್ಟ್ರಿಜ್ ಬೆಲೆಯನ್ನ ಅದರ ಮಿ.ಲೀ.ಯಿಂದ ಭಾಗಿಸಿ ಈ 0.93ರಿಂದ ಗುಣಿಸಿ. ಆಪ್ಟಿಮೈಜರ್ ಅನ್ನೋ ಬಣ್ಣವಿಲ್ಲದ ದ್ರವಾನೂ ಕೂಡಿಸಿ. ಇಂಕ್ ಹರಡದ ಹಾಗೆ ಹಿಡಿಯೋದು ಅದು, ಅದೂ ಖಾಲಿಯಾಗುತ್ತೆ. ಪ್ರಿಂಟ್ ಹೆಡ್, ಮೆಂಟೆನೆನ್ಸ್ ಕಾರ್ಟ್ರಿಜ್ (ಹೆಡ್ ಒರೆಸೋ ಭಾಗ) ಕೂಡ ಸವೆಯೋ ಸಾಮಾನೇ. ಎಚ್‌ಪಿಯ ಥರ್ಮಲ್ ಹೆಡ್‌ಗಳನ್ನ ಎಂಜಿನಿಯರ್ ಇಲ್ಲದೆ ನೀವೇ ಬದಲಾಯಿಸಬಹುದು, ಅದೊಂದು ದೊಡ್ಡ ನೆಮ್ಮದಿ.

ಬಟ್ಟೆ ಬ್ಯಾನರ್ ಮಾಡೋ ಯೋಚನೆ ಇದ್ರೆ ಇಂಕ್ ಕಲೆಕ್ಟರ್ ಇರೋ ಮಾದರಿ ಕೇಳಿ. ಹಿಂದೆ ಪೇಪರ್ ಇಲ್ಲದ ಬಟ್ಟೆಯಲ್ಲಿ ಇಂಕ್ ತೂರಿ ಕೆಳಗಿನ ತಟ್ಟೆ, ಅಂದ್ರೆ ಪ್ಲಾಟನ್ ಮೇಲೆ ಇಳಿಯುತ್ತೆ. ಗಾಜಿಗೆ ಕ್ಲಿಯರ್ ವಿನೈಲ್ ಮಾಡೋರಿಗೆ ಬಿಳಿ ಇಂಕ್ ಬೇಕು. ಎಚ್‌ಪಿಯಲ್ಲಿ 700ಡಬ್ಲ್ಯೂ, 800ಡಬ್ಲ್ಯೂ ಥರ ಹೆಸರಿನ ಕೊನೆಯಲ್ಲಿ ಡಬ್ಲ್ಯೂ ಇರೋವೇ ಅವು. ತಿಂಗಳಿಗೆ ಒಂದೆರಡು ಗಾಜಿನ ಕೆಲಸಕ್ಕೆ ಅಷ್ಟು ಸುರಿಯೋದಕ್ಕಿಂತ ಹೊರಗಡೆ ಮಾಡಿಸೋದೇ ವಾಸಿ.

ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಯೂಸೇಜ್ ರಿಪೋರ್ಟ್ ಪ್ರಿಂಟ್ ತೆಗೆಸಿ, ಹೆಡ್‌ಗಳ ವಾರಂಟಿ ಸ್ಥಿತಿ, ಕಾರ್ಟ್ರಿಜ್ ಮೇಲಿನ ಎಕ್ಸ್‌ಪೈರಿ ತಾರೀಖು ನೋಡಿ. ಆ ಮಾದರಿಗೆ ಕಂಪನಿ ಇನ್ನೂ ಬಿಡಿಭಾಗ ಕೊಡ್ತಿದೆಯಾ ಅಂತ ಸರ್ವೀಸ್‌ನವರನ್ನೇ ಕೇಳಿ, ಮಾರೋರನ್ನಲ್ಲ.

ಹೊಸದಕ್ಕೆ ಸಹಿ ಹಾಕೋವಾಗ ಎಎಂಸಿ (ವರ್ಷದ ಸರ್ವೀಸ್ ಒಪ್ಪಂದ) ಕಾಗದದಲ್ಲಿ ಎರಡು ಸಾಲು ಬರೆಸಿಕೊಳ್ಳಿ. ಎಂಜಿನಿಯರ್ ಬೆಂಗಳೂರಿಂದ ಬರೋದಾದ್ರೆ ಮೈಸೂರಿಗೆ ಎಷ್ಟು ಗಂಟೆಯಲ್ಲಿ, ಮಂಡ್ಯಕ್ಕೆ ಎಷ್ಟು ಗಂಟೆಯಲ್ಲಿ. ಕ್ಯೂರಿಂಗ್ ಭಾಗದ ಹೀಟರ್, ಫ್ಯಾನ್ ಎಎಂಸಿ ಒಳಗೋ ಹೊರಗೋ. ದಸರಾಗೆ ಒಂದು ತಿಂಗಳು ಮುಂಚೆ ಒಂದು ಜೊತೆ ಹೆಡ್, ಒಂದು ಮೆಂಟೆನೆನ್ಸ್ ಕಾರ್ಟ್ರಿಜ್ ತಂದಿಟ್ಕೊಳ್ಳಿ. ಎಕ್ಸ್‌ಪೈರಿ ನೋಡಿ ತನ್ನಿ.