ರಫಿ ಕೊಟ್ಟ ಏಳು ನಿಮಿಷ

ಕೇಳುಗರಿಗೆ ನಮಸ್ಕಾರ.

2014ರ ಡಿಸೆಂಬರ್ 20. ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಮೊತ್ತಮೊದಲ ಫೈನಲ್. ಒಂದು ಕಡೆ ಕೇರಳ ಬ್ಲಾಸ್ಟರ್ಸ್, ಇನ್ನೊಂದು ಕಡೆ ಅಟ್ಲೆಟಿಕೊ ಡಿ ಕೋಲ್ಕತ್ತ. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಇನ್ನೇನು ಹೆಚ್ಚುವರಿ ಆಟ ಎನ್ನುವಾಗ ಕೋಲ್ಕತ್ತಕ್ಕೊಂದು ಕಾರ್ನರ್ ಸಿಕ್ಕಿತು, ಚೆಂಡು ಒಬ್ಬನ ತಲೆಗೆ ತಾಗಿ ಬಲೆ ಸೇರಿತು, ಕೇರಳ ಸೋತಿತು. ಆ ಗೋಲು ಯಾರದ್ದು ಅಂತ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯಲ್ಲೋ ಉಪ್ಪಳದಲ್ಲೋ ಕೇಳಿ ನೋಡಿ. “ಮತ್ಯಾರದ್ದು ಮಾರಾಯ್ರೆ, ರಫಿಯದ್ದೇ! ನಮ್ಮ ಜಿಲ್ಲೆಯವನೇ ನಮ್ಮನ್ನು ಸೋಲಿಸಿದ” ಎನ್ನುವವರು ಖಂಡಿತ ಸಿಗುತ್ತಾರೆ. ಅವರು ಹೇಳುವಾಗ ಹೊಟ್ಟೆಯುರಿಯೂ ಇರುತ್ತದೆ, ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇರುತ್ತದೆ.

ಆದರೆ ಆ ಗೋಲು ರಫಿಯದ್ದಲ್ಲ. ಬಂಗಾಳದ ಮೊಹಮ್ಮದ್ ರಫೀಕನದ್ದು.

ಜನರಿಗೆ ಎರಡೂ ಹೆಸರು ಕಲಸಿಹೋದದ್ದಕ್ಕೆ ಕಾರಣ ಉಂಟು. ಆ ವರ್ಷ ನಮ್ಮ ಮೊಹಮ್ಮದ್ ರಫಿ ಕೂಡ ಕೋಲ್ಕತ್ತದ ತಂಡದಲ್ಲೇ ಇದ್ದ. ಮರುವರ್ಷ ಅವನು ಕೇರಳದ ಹಳದಿ ಅಂಗಿ ತೊಟ್ಟ. ಅದರ ಮುಂದಿನ ವರ್ಷ ರಫೀಕನೂ ಅದೇ ಹಳದಿ ತಂಡಕ್ಕೆ ಬಂದ. ಇಬ್ಬರೂ ಮೊಹಮ್ಮದರು, ಇಬ್ಬರೂ ಮೊದಲು ಕೋಲ್ಕತ್ತ ಆಮೇಲೆ ಕೊಚ್ಚಿ. ಯಾರು ಯಾವ ಗೋಲು ಹೊಡೆದರು ಅಂತ ಲೆಕ್ಕವಿಡಲು ಅಭಿಮಾನಿ ಏನು ಶಾನುಭೋಗನೇ? ಹಾಂ, ಆಟಗಾರರನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ಕ್ಷಮಿಸಬೇಕು. ಅದು ಗ್ಯಾಲರಿಯ ಭಾಷೆ. ಮೆಚ್ಚಿದವನನ್ನು ಗ್ಯಾಲರಿ ಯಾವತ್ತೂ ಬಹುವಚನದಲ್ಲಿ ಕೂಗುವುದಿಲ್ಲ.

ರಫಿ ತೃಕ್ಕರಿಪುರದವನು, 1982ರಲ್ಲಿ ಹುಟ್ಟಿದವನು. ಹಾಡುಗಾರ ಮೊಹಮ್ಮದ್ ರಫಿ ತೀರಿಕೊಂಡದ್ದು 1980ರಲ್ಲಿ. ಆ ಹಾಡುಗಳ ಹುಚ್ಚು ಮಲಬಾರಿನಲ್ಲಿ ಎಷ್ಟಿತ್ತು, ಈಗಲೂ ಎಷ್ಟಿದೆ ಎಂಬುದು ನಮ್ಮ ಕಡೆಯ ಮದುವೆಮನೆಗಳಿಗೆ ಹೋದವರಿಗೆ ಗೊತ್ತು. ತೃಕ್ಕರಿಪುರ ಕಾಸರಗೋಡು ಜಿಲ್ಲೆಯ ತೆಂಕಣ ತುದಿ, ನಮ್ಮ ಮಂಜೇಶ್ವರ ಬಡಗಣ ತುದಿ, ನಡುವೆ ಚಂದ್ರಗಿರಿ ಹೊಳೆ. ಹೊಳೆಯ ಈಚೆ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು, ಮಲಯಾಳ ಎಲ್ಲವೂ ಒಂದೇ ಬಸ್ಸಿನಲ್ಲಿ ಕೇಳಿಸುತ್ತವೆ. ಆಚೆ ಹೋದಂತೆ ಮಲಯಾಳವೊಂದೇ ಉಳಿಯುತ್ತದೆ. 1967ರ ಮಹಾಜನ ವರದಿ ಗೆರೆ ಎಳೆದದ್ದು ಇದೇ ಹೊಳೆಯ ಗುಂಟ. ಆದರೆ ಫುಟ್‌ಬಾಲಿಗೆ ಮಹಾಜನ ವರದಿ ಅನ್ವಯಿಸುವುದಿಲ್ಲ. ಹೊಳೆಯ ಈಚೆ ಮೊಗ್ರಾಲ್ ಇದೆ. ಅಲ್ಲಿ ಮಕ್ಕಳು ನಡೆಯಲು ಕಲಿಯುವ ಮೊದಲೇ ಒದೆಯಲು ಕಲಿಯುತ್ತಾರೆ ಎಂದು ನಾವು ತಮಾಷೆ ಮಾಡುತ್ತೇವೆ. ಆಚೆ ತೃಕ್ಕರಿಪುರ ಇದೆ. ಈಸ್ಟ್ ಬೆಂಗಾಲಿಗೆ ಆಡಿದ ಎಂ. ಸುರೇಶ್ ಕೂಡ ಅದೇ ಊರಿನವರು.

ನಮ್ಮ ಕಡೆ ಆಟ ಎಂದರೆ ಮುಖ್ಯವಾಗಿ ಸೆವೆನ್ಸ್. ಕೊಯ್ಲು ಮುಗಿದ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಅಡಕೆಮರದ ಗ್ಯಾಲರಿ ಕಟ್ಟುತ್ತಾರೆ. ಹಗಲಿಡೀ ಜೀಪಿನಲ್ಲಿ ಮೈಕು ಕೂಗುತ್ತದೆ, ರಾತ್ರಿ ಫ್ಲಡ್‌ಲೈಟ್ ಹಾಕಿ ಕಡೆಗೆ ಏಳೇಳು ಮಂದಿ ಆಡುತ್ತಾರೆ. ಅಂಗಳ ಚಿಕ್ಕದು, ಗೋಲ್‌ಪೋಸ್ಟು ಚಿಕ್ಕದು, ಆಫ್‌ಸೈಡಿನ ತಲೆನೋವೂ ಇಲ್ಲ. ನೆಲದ ಮೇಲೆ ಚೆಂಡು ಸರಸರ ಓಡುತ್ತದೆ. ಎತ್ತರಕ್ಕೆ ಹಾರುವ ಚೆಂಡಿಗೆ ಅಲ್ಲಿ ಅಂಥ ಬೆಲೆಯಿಲ್ಲ. ಇಂಥ ಸೀಮೆಯಿಂದ ತಲೆಯಾಟಕ್ಕೇ ಹೆಸರಾದ ಒಬ್ಬ ಫಾರ್ವರ್ಡ್ ಎದ್ದುಬಂದದ್ದು ಹೇಗೆ ಎನ್ನುವುದು ನನಗೆ ಈಗಲೂ ಸೋಜಿಗ. ಬದಿಯಡ್ಕದ ಒಬ್ಬ ಅಡಕೆ ಬೆಳೆಗಾರರು ಇದಕ್ಕೆ ತಮ್ಮದೇ ಒಂದು ಸಿದ್ಧಾಂತ ಇಟ್ಟುಕೊಂಡಿದ್ದಾರೆ: ನಮ್ಮ ಜಿಲ್ಲೆಯಲ್ಲಿ ವಾಲಿಬಾಲ್ ಆಡದ ಹುಡುಗ ಇಲ್ಲ, ನೆಟ್ಟಿನ ಎದುರು ನೆಗೆದು ನೆಗೆದು ಬಂದದ್ದಂತೆ ಅದು. ನಾನು ಒಪ್ಪಿಲ್ಲ. ಹಾಗಿದ್ದರೆ ಜಿಲ್ಲೆಯಲ್ಲಿ ಇನ್ನೂರು ರಫಿಗಳಿರಬೇಕಿತ್ತಲ್ಲ.

ಅಭಿಮಾನಿಗಳು ಅವನನ್ನು ‘ಹೆಡ್‌ಮಾಸ್ಟರ್’ ಎಂದು ಕರೆದರು. ಕೇಳಿದರೆ ತಲೆಯಿಂದ ಗುದ್ದುವ ಬಲವಷ್ಟೇ ಅನಿಸಬಹುದು. ಟಿ.ವಿ.ಯಲ್ಲಿ ನೋಡಿದವರ ಕಣ್ಣಿಗೆ ಬೀಳುವುದೂ ಅಷ್ಟೇ, ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ ನೋಡಿ. ಗ್ಯಾಲರಿಯಲ್ಲಿ ಕೂತವನಿಗೆ ಬೇರೆಯೇ ಒಂದು ಆಟ ಕಾಣುತ್ತದೆ. ಪಕ್ಕದಿಂದ ಕ್ರಾಸ್ ಬರುವ ಮೊದಲು ಡಿಫೆಂಡರುಗಳ ಕಣ್ಣೆಲ್ಲ ಚೆಂಡಿನ ಮೇಲಿರುತ್ತದೆ. ಫಾರ್ವರ್ಡ್ ಆದವನು ಆಗ ಅವರ ಬೆನ್ನ ಹಿಂದೆ ನಿಂತಿರಬೇಕು. ಮೊದಲು ದೂರದ ಕಂಬದ ಕಡೆ ಎರಡು ಹೆಜ್ಜೆ ಹಾಕುತ್ತಾನೆ, ಡಿಫೆಂಡರ್ ಅತ್ತ ವಾಲುತ್ತಾನೆ, ಒದ್ದ ಚೆಂಡು ಕಾಲು ಬಿಟ್ಟ ಮರುಕ್ಷಣ ಇವನು ಹತ್ತಿರದ ಕಂಬದತ್ತ ಸೀಳಿ ಬರುತ್ತಾನೆ. ಎಲ್ಲರಿಗಿಂತ ಅರೆಕ್ಷಣ ಮೊದಲು ನೆಗೆದವನಿಗೆ ಅರ್ಧ ಕೆಲಸ ಮುಗಿದ ಹಾಗೆ. ಆಮೇಲೆ ನೆಗೆದವನು ಇವನ ಭುಜಕ್ಕೆ ಢಿಕ್ಕಿ ಹೊಡೆಯುತ್ತಾನೆ ಅಷ್ಟೇ. ಸುಮಾರು 430 ಗ್ರಾಂ ತೂಗುವ ಚೆಂಡು ವೇಗವಾಗಿ ಬರುವಾಗ ಕಣ್ಣು ಮುಚ್ಚದೆ ಹಣೆ ಕೊಡಬೇಕು. ಬಲ ಬರುವುದು ಸೊಂಟ, ಕುತ್ತಿಗೆಗಳಿಂದ. ಗೋಲ್‌ಪೋಸ್ಟಿನ ಎತ್ತರ 2.44 ಮೀಟರ್ ಮಾತ್ರವಾದ್ದರಿಂದ ಚೆಂಡನ್ನು ಕೆಳಕ್ಕೆ ಬಡಿಯಬೇಕು. ಮೇಲಕ್ಕೆ ಕೊಟ್ಟರೆ ಅದು ಗ್ಯಾಲರಿಯ ಪಾಲು. ಇಷ್ಟನ್ನೂ ರಫಿ ಗಡಿಬಿಡಿಯಿಲ್ಲದೆ ಮಾಡುತ್ತಿದ್ದ.

ಅವನ ವಿರೋಧಿಗಳೂ ಇದ್ದರು. “ಎಂಬತ್ತು ನಿಮಿಷ ಎಲ್ಲಿದ್ದಾನೆ ಅಂತಲೇ ಗೊತ್ತಾಗುವುದಿಲ್ಲ, ಓಡುವುದಿಲ್ಲ, ಹಿಂದೆ ಬರುವುದಿಲ್ಲ” ಎಂದು ಗೊಣಗುತ್ತಿದ್ದರು. ನಾನು ಅವರಿಗೆ ಕೊಡುತ್ತಿದ್ದ ಉತ್ತರ ನಮ್ಮ ತೆಂಕುತಿಟ್ಟು ಯಕ್ಷಗಾನದ್ದೇ. ರಾತ್ರಿಯಿಡೀ ನಡೆಯುವ ಆಟದಲ್ಲಿ ಬಣ್ಣದ ವೇಷಧಾರಿ ಎಷ್ಟು ಹೊತ್ತು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಕೂತಿರುತ್ತಾರೆ? ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತ ಗಂಟೆಗಟ್ಟಲೆ ಕೂತಿರುತ್ತಾರೆ. ನಡುರಾತ್ರಿ ದಾಟಿದ ಮೇಲೆ ಅಬ್ಬರಿಸಿ ರಂಗಸ್ಥಳಕ್ಕೆ ಬಂದರೆ ಚಾಪೆಯಲ್ಲಿ ಮಲಗಿದ ಮಕ್ಕಳೂ ಎದ್ದು ಕೂರುತ್ತಾರೆ. ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಅವರನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಲೀಗಿನ ಮೊದಲ ಮೂರು ವರ್ಷ ಒಂದು ತಂಡದ ಹನ್ನೊಂದು ಮಂದಿಯಲ್ಲಿ ಆರು ಮಂದಿ ವಿದೇಶಿಯರು ಆಡಬಹುದಿತ್ತು. ಕೋಚುಗಳು ಆ ಆರರಲ್ಲಿ ಮೊದಲು ತುಂಬಿಸುತ್ತಿದ್ದದ್ದು ಮುಂದಿನ ಸ್ಥಾನವನ್ನು. ಭಾರತೀಯ ಹುಡುಗರಿಗೆ ಸಿಗುತ್ತಿದ್ದದ್ದು ಹಿಂದೆ ಅಥವಾ ಬದಿಗೆ. ಅಂಥ ಹೊತ್ತಿನಲ್ಲಿ ನಟ್ಟನಡುವೆ, ಗೋಲಿನ ಎದುರಿಗೆ ನಿಲ್ಲುವ ಕೆಲಸವನ್ನು ಮೂವತ್ತು ದಾಟಿದ ಒಬ್ಬ ತೃಕ್ಕರಿಪುರದವನಿಗೆ ಕೊಟ್ಟರು ಎಂದರೆ ಸಣ್ಣ ವಿಷಯವಲ್ಲ. ಅವನು ಹೊಸಬನೂ ಅಲ್ಲ. ಸ್ಟೇಟ್ ಬ್ಯಾಂಕ್ ಆಫ್ ತಿರುವಾಂಕೂರಿನ ತಂಡದಲ್ಲಿ ಆಡಿ, ಮುಂಬೈಯ ಮಹೀಂದ್ರಾ ಯುನೈಟೆಡ್ ಸೇರಿ, ಗೋವಾದ ಚರ್ಚಿಲ್ ಬ್ರದರ್ಸ್‌ಗೂ ಆಡಿ, ಭಾರತದ ಅಂಗಿಯನ್ನೂ ತೊಟ್ಟು ಬಂದವನು. ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಬ್ಯಾಂಕಿನ ತಂಡದ ಬ್ಯಾಂಕೇ 2017ರಲ್ಲಿ ದೊಡ್ಡ ಬ್ಯಾಂಕಿನಲ್ಲಿ ಕರಗಿತು. ಅವನ ಒಳ್ಳೆಯ ವರ್ಷಗಳನ್ನು ನೆನೆಯಲು ಆ ಎರಡು ಹೆಸರಿನ ತಂಡಗಳೇ ಈಗ ಇಲ್ಲ. ನೆನಪಿನ ಭಾರವೆಲ್ಲ ಕೊಚ್ಚಿಯ ಹಳದಿ ಅಂಗಿಯ ಮೇಲೆ ಬಿದ್ದದ್ದು ಹೀಗೆ.

2015ರ ಅಕ್ಟೋಬರ್ 6ರಂದು ಕೊಚ್ಚಿಯ ಕಲೂರಿನ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ನಾರ್ತ್ ಈಸ್ಟ್ ಯುನೈಟೆಡ್ ವಿರುದ್ಧ ಮೊದಲ ಪಂದ್ಯ. ಕೇರಳ 3-1ರಿಂದ ಗೆದ್ದಿತು, ಎರಡನೆಯ ಗೋಲು ರಫಿಯದ್ದು. ಒಂದು ವಾರ ಕಳೆದು ಕೋಲ್ಕತ್ತದ ಸಾಲ್ಟ್ ಲೇಕಿನಲ್ಲಿ ಆಟ. ಗಣ್ಯರ ಸಾಲಿನಲ್ಲಿ ಸಾಕ್ಷಾತ್ ಪೆಲೆ. ಕೇರಳ ಅಲ್ಲಿ 2-1ರಿಂದ ಸೋತಿತು, ಆದರೆ ಆ ಒಂದು ಗೋಲು ರಫಿಯದ್ದು. “ಪೆಲೆ ನೋಡುತ್ತಿದ್ದಾಗ ಗೋಲು ಹೊಡೆದ ಕಾಸರಗೋಡಿನವ ಬೇರೆ ಯಾರಿದ್ದಾರೆ?” ಎಂದು ಕುಂಬಳೆಯ ಒಬ್ಬ ಆಟೋದವರು ಪ್ರಯಾಣಿಕರನ್ನು ಹಿಡಿದು ಕೇಳುತ್ತಾರೆ. ಬಾಡಿಗೆ ಕೊಟ್ಟು ಇಳಿಯುವವರು ಏನು ಹೇಳಲಿಕ್ಕಾಗುತ್ತದೆ, ಹೌದೆನ್ನುತ್ತಾರೆ. ಆ ವರ್ಷ ಕೇರಳ ಕಡೆಯ ಸ್ಥಾನಕ್ಕೆ ಇಳಿಯಿತು. ಅದರ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ.

2016ರಲ್ಲಿ ಸ್ಟೀವ್ ಕೊಪ್ಪೆಲ್ ಕೋಚ್ ಆಗಿ ಬಂದರು. ಗೋವಾದ ಫತೋರ್ಡಾದಲ್ಲಿ ಒಂದು ಗೋಲು ಹಿಂದಿದ್ದ ಕೇರಳಕ್ಕೆ ವಿರಾಮದ ಬೆನ್ನಿಗೇ ಸಮಬಲ ತಂದವನು ರಫಿ. ಆಮೇಲೆ ಬೆಲ್ಫೋರ್ಟ್ ಹೊಡೆದು ಗೆಲ್ಲಿಸಿದ. ಆ ಋತುವಿನಲ್ಲಿ ಹೆಚ್ಚು ಗೋಲು ಕಣ್ಣೂರಿನ ವಿನೀತನದ್ದು, ಅದು ನಿಜ. ಆದರೂ ಡಿಸೆಂಬರ್ 18ರಂದು ಕಲೂರಿನಲ್ಲೇ ಕೋಲ್ಕತ್ತದ ವಿರುದ್ಧ ಫೈನಲ್ ಬಂದಾಗ ಗೋಲು ಬಂದದ್ದು ವಿನೀತನಿಂದ ಅಲ್ಲ.

ಆ ದಿನ ಬೆಳಗಿನ ಪರಶುರಾಮ್ ಎಕ್ಸ್‌ಪ್ರೆಸ್ಸಿನಲ್ಲಿ ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಎಲ್ಲ ಭಾಷೆಗಳೂ ಹಳದಿ ಅಂಗಿ ಹಾಕಿಕೊಂಡಿದ್ದವು. ಐವತ್ತು ಸಾವಿರಕ್ಕೂ ಮಿಕ್ಕಿದ ಜನ. 37ನೇ ನಿಮಿಷದಲ್ಲಿ ಮೆಹ್ತಾಬ್ ಹುಸೇನ್ ಕಾರ್ನರ್ ಒದ್ದ. ರಫಿ ನೆಗೆದ, ಹಣೆ ಕೊಟ್ಟ. ಗೋಲು! ಮೈದಾನದಲ್ಲಿದ್ದವರು ಹೇಳುವುದು ಕೇಳಬೇಕು: ಗೋಲಾದದ್ದು ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಯಿತಂತೆ, ಕಾಂಕ್ರೀಟು ನಡುಗಿತಂತೆ. ಪಕ್ಕದ ಗುರುತಿಲ್ಲದ ಮನುಷ್ಯ ತಬ್ಬಿಕೊಂಡು ಮಲಯಾಳದಲ್ಲಿ ಏನೋ ಅಂದನಂತೆ, ಇವರು ತುಳುವಿನಲ್ಲಿ ಉತ್ತರ ಕೊಟ್ಟರಂತೆ, ಇಬ್ಬರಿಗೂ ಅರ್ಥವಾಯಿತಂತೆ.

44ನೇ ನಿಮಿಷದಲ್ಲಿ ಕೋಲ್ಕತ್ತದ ಸೆರೆನೊ ಕಾರ್ನರಿನಿಂದಲೇ ತಲೆಕೊಟ್ಟು ಸರಿಸಮ ಮಾಡಿದ. ಮತ್ತೆ ಗೋಲಿಲ್ಲ. ಪೆನಾಲ್ಟಿಗೆ ಹೋಯಿತು. ಕೋಲ್ಕತ್ತದ ಪರ ಮೊದಲು ಒದ್ದವನು ಇಯಾನ್ ಹ್ಯೂಮ್, 2014ರಲ್ಲಿ ಕೇರಳದ ಮುದ್ದಿನ ಮಗ. ಕೇರಳದ ಗೋಲ್‌ಕೀಪರ್ ಗ್ರಹಾಂ ಸ್ಟಾಕ್ ಅದನ್ನು ತಡೆದಾಗ ಗ್ಯಾಲರಿಯ ಕೂಗಿನಲ್ಲಿ ಒಂದು ಬಗೆಯ ಅಯ್ಯೋ ಪಾಪವೂ ಸೇರಿತ್ತು. ಆದರೆ ಕೇರಳದ ಎನ್‌ಡೋಯೆ ಚೆಂಡನ್ನು ಮೇಲೆ ಹಾರಿಸಿದ, ಹೆಂಗ್‌ಬಾರ್ಟನದ್ದನ್ನು ಕೋಲ್ಕತ್ತದ ಗೋಲ್‌ಕೀಪರ್ ದೇಬ್ಜಿತ್ ತಡೆದ. ಈ ಸಲ ಕೇರಳದ ಪರವಿದ್ದ ರಫೀಕ್ ತನ್ನ ಪೆನಾಲ್ಟಿಯನ್ನು ಗೋಲು ಮಾಡಿದ. 4-3ರಿಂದ ಕಪ್ಪು ಮತ್ತೆ ಕೋಲ್ಕತ್ತಕ್ಕೇ ಹೋಯಿತು. ವಾಪಸು ಬರುವ ರಾತ್ರಿ ರೈಲಿನಲ್ಲಿ ಸೀಟಿಗಾಗಿ ಯಾರೂ ಜಗಳವಾಡಲಿಲ್ಲವಂತೆ.

ಮರುವರ್ಷದಿಂದ ನಮ್ಮಂಥ ಕನ್ನಡದ ಅಭಿಮಾನಿಗಳಿಗೆ ಹೊಸ ಫಜೀತಿ ಶುರುವಾಯಿತು. 2017ರಲ್ಲಿ ಬೆಂಗಳೂರು ಎಫ್.ಸಿ. ಈ ಲೀಗಿಗೆ ಬಂತು. ಅದುವರೆಗೆ ಕರ್ನಾಟಕದ ತಂಡವೇ ಇಲ್ಲದ್ದರಿಂದ ಹಳದಿಗೆ ಮನಸ್ಸು ಪೂರ್ತಿ ಕೊಡಬಹುದಿತ್ತು. ಈಗ ಒಂದೇ ಮನೆಯಲ್ಲಿ ಅಣ್ಣ ನೀಲಿ, ತಮ್ಮ ಹಳದಿ. ರಫಿಯಂತೂ ಇಬ್ಬರಿಗೂ ಸಿಗದೆ ಚೆನ್ನೈಯಿನ್ ತಂಡಕ್ಕೆ ಹೋದ. 2018ರ ಮಾರ್ಚಿನಲ್ಲಿ ಆ ತಂಡ ಕಂಠೀರವದಲ್ಲೇ ಬೆಂಗಳೂರನ್ನು 3-2ರಿಂದ ಸೋಲಿಸಿ ಕಪ್ಪು ಎತ್ತಿತು. ಅಣ್ಣನಿಗೆ ಸಿಟ್ಟು, ತಮ್ಮನಿಗೆ ಖುಷಿ. ಆಮೇಲೆ 2023ರಲ್ಲಿ ಅದೇ ಕಂಠೀರವದಲ್ಲಿ ಛೆಟ್ರಿಯ ಫ್ರೀಕಿಕ್ ಗೋಲಿಗೆ ಸಿಟ್ಟಾಗಿ ಕೇರಳದ ತಂಡ ಅಂಗಳ ಬಿಟ್ಟು ನಡೆಯಿತಲ್ಲ, ಆ ರಾತ್ರಿ ಅಂಥ ಮನೆಗಳಲ್ಲಿ ಊಟ ಹೇಗೆ ಮುಗಿಯಿತೋ ದೇವರೇ ಬಲ್ಲ.

2019ರಲ್ಲಿ ರಫಿ ಇನ್ನೊಮ್ಮೆ ಕೊಚ್ಚಿಗೆ ಬಂದ. ವಯಸ್ಸು ಮೂವತ್ತೇಳು. ತಂಡದ ಇನ್ನೊಬ್ಬ ಫಾರ್ವರ್ಡ್ ಒಗ್ಬೆಚೆ ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದ ವರ್ಷ ಅದು, ರಫಿಗೆ ಆಡಲು ಸಿಕ್ಕಿದ್ದು ಕಡಿಮೆ. ಈ ಪ್ರಾಯದಲ್ಲಿ ಯಾಕೆ ಬೇಕಿತ್ತು ಎಂದವರುಂಟು. ಬೆಂಚಿನಲ್ಲಿ ಅವನು ಕೂತಿದ್ದಾನೆ ಎಂದರೆ ಸಾಕು, ಕಡೆಯ ಐದು ನಿಮಿಷಕ್ಕೆ ಒಂದು ಆಸೆ ಉಳಿಯುತ್ತದೆ ಎಂದವರೂ ಉಂಟು. ನಾನು ಎರಡನೆಯವರ ಪಕ್ಷ. ಆ ಋತು ಮುಗಿಯುತ್ತಿದ್ದಂತೆ ಕೊರೋನಾ ಬಂತು. ಮುಂದಿನ ಎರಡು ವರ್ಷ ಲೀಗೆಲ್ಲ ಗೋವಾದಲ್ಲಿ ನಡೆಯಿತು, ಕಲೂರಿನ ಗ್ಯಾಲರಿ ಖಾಲಿ ಬಿತ್ತು.

ಈಗ ಮೊಗ್ರಾಲಿನ ಹುಡುಗರು ಒಂದು ಲೆಕ್ಕ ತೆಗೆದಿದ್ದಾರೆ. ಕೇರಳ ಬ್ಲಾಸ್ಟರ್ಸ್ ಈ ಲೀಗಿನಲ್ಲಿ ಮೂರು ಫೈನಲ್ ಆಡಿ ಮೂರನ್ನೂ ಸೋತಿದೆ. ಆ ಮೂರರಲ್ಲಿ ಹೊಡೆದದ್ದು ಎರಡೇ ಗೋಲು: 2016ರಲ್ಲಿ ರಫಿಯದ್ದು, 2022ರಲ್ಲಿ ಹೈದರಾಬಾದ್ ವಿರುದ್ಧ ತ್ರಿಶೂರಿನ ಕೆ.ಪಿ. ರಾಹುಲನದ್ದು. ರಫಿಯ ಗೋಲು ತಂಡವನ್ನು ಏಳು ನಿಮಿಷ ಮುಂದಿಟ್ಟಿತು. ರಾಹುಲ 68ನೇ ನಿಮಿಷದಲ್ಲಿ ಹೊಡೆದ, 88ರವರೆಗೆ ಅದು ನಿಂತಿತು, ಅಂದರೆ ಇಪ್ಪತ್ತು ನಿಮಿಷ. “ಹಾಗಾದರೆ ರಾಹುಲನದ್ದೇ ದೊಡ್ಡದಲ್ವಾ?” ಎಂದು ಹುಡುಗರು ವಾದಕ್ಕೆ ಬರುತ್ತಾರೆ. ಅವರ ಅಪ್ಪಂದಿರು ಒಪ್ಪುವುದಿಲ್ಲ. ರಾಹುಲನದ್ದು ಗೋವಾದಲ್ಲಿ, ರಫಿಯದ್ದು ನಮ್ಮದೇ ಕಲೂರಿನಲ್ಲಿ ಎನ್ನುತ್ತಾರೆ. ಹುಡುಗರು ಮೊಬೈಲಿನಲ್ಲಿ ವಿಡಿಯೋ ತೆಗೆದು ಮುಂದೆ ಹಿಡಿಯುತ್ತಾರೆ. ಅಪ್ಪಂದಿರು ಕನ್ನಡಕ ಹುಡುಕುತ್ತಾರೆ, ಆದರೆ ಮೊದಲು ರಫಿಯದ್ದನ್ನೇ ಹಾಕಬೇಕೆಂದು ಹಟ ಹಿಡಿಯುತ್ತಾರೆ.

ನಮಸ್ಕಾರ.