ಮೆಡೂಸಾಳ ನಾಲಿಗೆ ಹೊರಗೇ ಇರಲಿ

ಆನ್‌ಲೈನ್‌ನಲ್ಲಿ ಒಂದ್ಸಲ 'ಮೆಡೂಸಾ ಪದಕ' ಅಂತ ಹುಡುಕಿ ನೋಡಿ. ತೀಡಿದ ಹುಬ್ಬು, ತುಂಬಿದ ತುಟಿ, ಮುಂಗುರುಳಿನ ಹಾಗೆ ಒಪ್ಪವಾಗಿ ಕೂತ ಹಾವುಗಳು. ನೋಡೋಕೆ ಚೆಂದ, ಇಲ್ಲ ಅನ್ನಲ್ಲ. ಆದರೆ ನನಗೆ ಬೇಸರವಾಗುತ್ತೆ. ಮೆಡೂಸಾ ಅಂದರೆ ಗ್ರೀಕ್ ಪುರಾಣದ ಹಾವುಗೂದಲಿನ ರಾಕ್ಷಸಿ, ಅವಳ ಮುಖ ನೋಡಿದವರು ಕಲ್ಲಾಗ್ತಾರೆ ಅನ್ನೋದು ಕಥೆ. ಆ ಮುಖಕ್ಕೆ ಒಂದು ಕೆಲಸ ಇತ್ತು, ಕೆಟ್ಟದ್ದನ್ನು ಹೆದರಿಸಿ ಕಾವಲು ಕಾಯೋದು. ಚೆಂದ ಮಾಡಿ ಮಾಡಿ ಆ ಕೆಲಸವನ್ನೇ ಅದರಿಂದ ಕಿತ್ಕೊಂಡಿದ್ದೀವಿ.

ಗ್ರೀಸ್‌ನ ಕೊರ್ಫು ದ್ವೀಪದ ಮ್ಯೂಸಿಯಂನಲ್ಲಿ ಹಳೇ ಮೆಡೂಸಾ ಇದ್ದಾಳೆ. ಕ್ರಿ.ಪೂ. 580ರ ಸುಮಾರಿನ ಆರ್ಟೆಮಿಸ್ ದೇವಾಲಯದಲ್ಲಿ, ಮಾಡಿನ ಕೆಳಗಿನ ತ್ರಿಕೋನದ ನಟ್ಟನಡುವೆ ಇದ್ದವಳು. ಆಳೆತ್ತರ ಮೀರಿದ ಕಲ್ಲಿನ ಮೈ. ಉಬ್ಬಿದ ಕಣ್ಣು, ಅಗಲ ತೆರೆದ ಬಾಯಿ, ಸೊಂಟಕ್ಕೆ ಡಾಬಿನ ಜಾಗದಲ್ಲಿ ಹೆಣೆದುಕೊಂಡ ಎರಡು ಹಾವು. ಮೈ ಪಕ್ಕಕ್ಕೆ ಓಡ್ತಿದೆ, ಮುಖ ಮಾತ್ರ ನೇರ ನಮ್ಮ ಕಡೆ. ಆ ಕಾಲದ ಗ್ರೀಕ್ ಚಿತ್ರಗಳಲ್ಲಿ ದೇವರು, ವೀರರು ಹೆಚ್ಚಾಗಿ ಪಕ್ಕಕ್ಕೆ ತಿರುಗಿರ್ತಾರೆ. ಇವಳು ಬಂದವರ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾಳೆ.

ಇಲ್ಲೊಂದು ಸೂಕ್ಷ್ಮ ಇದೆ. ಅವಳ ಎರಡೂ ಬದಿಗೆ ಅವಳ ಮಕ್ಕಳು, ರೆಕ್ಕೆಯ ಕುದುರೆ ಪೆಗಾಸಸ್ ಮತ್ತು ಕ್ರಿಸಾವೋರ್. ಕಥೆಯ ಪ್ರಕಾರ ಪರ್ಸಿಯಸ್ ಅನ್ನೋ ವೀರ ಅವಳ ತಲೆ ಕಡಿದ ಮೇಲೇ ಈ ಇಬ್ಬರೂ ಹುಟ್ಟಿದ್ದು. ಇಲ್ಲಿ ನೋಡಿದರೆ ಮಕ್ಕಳೂ ಇದ್ದಾರೆ, ತಾಯಿಯ ತಲೆಯೂ ಕತ್ತಿನ ಮೇಲೇ ಇದೆ! ಶಿಲ್ಪಿಗೆ ಕಥೆ ಗೊತ್ತಿರಲಿಲ್ಲವಾ? ಖಂಡಿತ ಗೊತ್ತಿತ್ತು. ನನಗನ್ನಿಸೋದು, ಅವನಿಗೆ ಕಥೆಗಿಂತ ಕಾವಲು ಮುಖ್ಯವಾಗಿತ್ತು.

ಅದೇ ಕಾವಲು ಎಲ್ಲೆಲ್ಲೂ ಸಿಗುತ್ತೆ. ಹೋಮರನ ಮಹಾಕಾವ್ಯದಲ್ಲಿ ಗ್ರೀಕ್ ದೊರೆ ಅಗಮೆಮ್ನಾನ್‌ನ ಗುರಾಣಿ ಮೇಲೆ, ಮಾಡಿನ ಅಂಚಿನ ಸುಟ್ಟಮಣ್ಣಿನ ಬಿಲ್ಲೆಗಳ ಮೇಲೆ, ಬೆಳ್ಳಿ ನಾಣ್ಯದ ಮೇಲೆ. ನನಗೆ ಬಹಳ ಇಷ್ಟ ವೈನ್ ಬಟ್ಟಲು. ಎರಡು ಹಿಡಿಯ, ಅಗಲ ಬಾಯಿನ ಬಟ್ಟಲು. ಒರಗಿಕೊಂಡು ಕುಡೀತಾ ಹೋಗ್ತೀರಿ, ವೈನ್ ಇಳೀತಾ ಹೋಗುತ್ತೆ. ಮೊದಲು ಸುರುಳಿ ಕೂದಲು ಕಾಣುತ್ತೆ, ಆಮೇಲೆ ಎರಡು ಕಣ್ಣು, ಕೋರೆಹಲ್ಲು, ಕಡೆಗೆ ಗಲ್ಲದವರೆಗೆ ಜೋತ ಕೆಂಪು ನಾಲಿಗೆ. ಮೈಮರೆಯೋ ಹೊತ್ತಿಗೆ ಸರಿಯಾಗಿ ಒಬ್ಬಳು ಎಚ್ಚರವಾಗಿ ಕೂತಿದ್ದಾಳೆ.

ಕೆಲವರು ಇದನ್ನು ಇನ್ನೂ ಪಳಗದ ಕೈಯ ಕೆಲಸ ಅಂತಾರೆ. ಒಪ್ಪಲಾರೆ. ಅದೇ ಕಾಲದ ಗ್ರೀಕ್ ಶಿಲ್ಪಿಗಳು ಮಂದಹಾಸದ ಹುಡುಗ ಹುಡುಗಿಯರನ್ನು ಎಷ್ಟು ನಯವಾಗಿ ಕೆತ್ತಿದ್ದಾರೆ! ವಿಕಾರ ಬೇಕು ಅಂತಲೇ ವಿಕಾರ ಮಾಡಿದ್ದು. ಹೊಸ ಮನೆ ಮುಂದೆ ಗುಡ್ಡೆಗಣ್ಣಿನ ದೃಷ್ಟಿಗೊಂಬೆ ಕಟ್ಟುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರದಕ್ಕೂ ನಮ್ಮದಕ್ಕೂ ನಂಟು ಹಚ್ಚೋಕೆ ನಾನು ಹೋಗಲ್ಲ, ಆದರೆ ಆ ಭಯ ನಮಗೆ ಅರ್ಥವಾಗುತ್ತೆ.

ಹಳೇ ಮೆಡೂಸಾ ಮುಖಗಳಲ್ಲಿ ಕೆಲವಕ್ಕೆ ಗಡ್ಡವೂ ಇರ್ತಿತ್ತು. ಕ್ರಿ.ಪೂ. 5ನೇ ಶತಮಾನದಿಂದ ಆ ಗಡ್ಡ, ಕೋರೆಹಲ್ಲು ಒಂದೊಂದಾಗಿ ಮಾಯವಾದವು. ಆಮೇಲೆ ರೋಮನ್ ಕವಿ ಓವಿಡ್ ಬಂದ. ಸುಂದರಿಯೊಬ್ಬಳ ಮೇಲೆ ಅತ್ಯಾಚಾರ ನಡೆದು, ಶಾಪವೂ ಅವಳಿಗೇ ತಗುಲಿ ಕೂದಲು ಹಾವಾದ ಕಥೆ ನಮಗೆ ಬಂದಿದ್ದು ಅವನಿಂದ. ಕೊರ್ಫು ಶಿಲ್ಪಕ್ಕೂ ಅವನಿಗೂ ಸುಮಾರು 600 ವರ್ಷ ಅಂತರ. ಅದು ಕರುಳು ಹಿಂಡುವ ಕಥೆ, ಅದರ ನೋವನ್ನು ತಮ್ಮದು ಅಂದುಕೊಂಡು ಆ ಪದಕ ಹಾಕುವವರ ಬಗ್ಗೆ ನನಗೆ ಗೌರವ ಇದೆ. ಆದರೆ ಹಳೇ ಮುಖಕ್ಕೆ ಯಾರ ಕನಿಕರವೂ ಬೇಕಿರಲಿಲ್ಲ. ಅವಳೇ ಬೇರೆಯವರನ್ನು ಕಾಯ್ತಿದ್ದಳು.

ಕಪ್ಪು ಸಮುದ್ರದ ಉತ್ತರಕ್ಕೆ, ಸಿಥಿಯನ್ನರು ಅನ್ನೋ ಪ್ರಾಚೀನ ಅಲೆಮಾರಿ ಜನರ ಸಮಾಧಿಗಳಲ್ಲಿ ಗಾರ್ಗನ್ (ಮೆಡೂಸಾಳಂಥ ರಾಕ್ಷಸಿಯರ ಹೆಸರು) ಮುಖದ ಪುಟ್ಟ ಚಿನ್ನದ ಬಿಲ್ಲೆಗಳು ಸಿಕ್ಕಿವೆ. ಅಂಥ ಬಿಲ್ಲೆಗಳ ಅಂಚಿನಲ್ಲಿ ಸೂಜಿ ತೂರುವಷ್ಟು ಸಣ್ಣ ತೂತುಗಳಿರುತ್ತವೆ. ಬಟ್ಟೆ ಯಾವತ್ತೋ ಮಣ್ಣಾಗಿದೆ. ಅದಕ್ಕೆ ಇವನ್ನು ಒಂದೊಂದಾಗಿ ಹೊಲಿದವರು ಯಾರೋ ಇದ್ದರು.